ಹಸಿರೆಲೆಯ ಜಮಾಖರ್ಚು: ದ್ಯುತಿಸಂಶ್ಲೇಷಣೆಯ ಶೋಧದ ಇತಿಹಾಸ

೧

ಮರಕ್ಕೆ ಸಂಸ್ಕೃತದಲ್ಲಿ ‘ಪಾದಪ’ ಎಂಬ ಹೆಸರುಂಟು. ಪಾದದಿಂದ ಕುಡಿಯುವುದು ಎಂಬುದು ಅದರ ಅರ್ಥ. ನಮ್ಮ ಕಾವ್ಯಗಳಲ್ಲಿಯೂ ಬಳಕೆಗೊಂಡಿರುವ ಈ ಪದವು ಒಂದು ಪುರಾತನ ನಂಬಿಕೆಯನ್ನು ತನ್ನೊಳಗೆ ಉಳಿಸಿಕೊಂಡು ಬಂದಿದೆ. ಗಿಡಮರಗಳು ಬೇರಿನ ಮೂಲಕ ನೆಲದಿಂದಲೇ ತಮ್ಮ ಆಹಾರವನ್ನೆಲ್ಲ ಪಡೆಯುತ್ತವೆ ಎಂಬುದೇ ಆ ನಂಬಿಕೆ. ಗ್ರೀಸ್ ದೇಶದ ಅರಿಸ್ಟಾಟಲನ ಮತವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಪ್ರಾಣಿಗಳಿಗೆ ಹೊಟ್ಟೆ ಹೇಗೋ ಸಸ್ಯಗಳಿಗೆ ಭೂಮಿ ಹಾಗೆ. ಅಲ್ಲಿ ಪಕ್ವವಾದ ಆಹಾರವನ್ನು ಬೇರು ಹೀರಿಕೊಳ್ಳುತ್ತದೆ. ಎಲೆಗಳಿರುವುದು ಹಣ್ಣಿಗೆ ಮರೆಯಾಗುವುದಕ್ಕೆ ಎಂದು ಅವನು ಭಾವಿಸಿದ್ದನು. ಬೇಸಾಯಗಾರನ ಅನುಭವವೂ ಇದಕ್ಕೆ ಪುಷ್ಟಿಕೊಡುವಂತೆಯೇ ಇದ್ದಿತು. ಗೊಬ್ಬರ ಕಂಡ ಹೊಲ ಹುಲುಸಾಗಿ ಬೆಳೆಯುತ್ತದೆ. ನೀರು ಕಾಣದ ಗಿಡ ಬಾಡುತ್ತದೆ. ಹೀಗಿರಲು ಎಲೆಯ ಕಡೆಗೆ ನೋಡುವ ಅಗತ್ಯ ಯಾರಿಗೆ ತೋರೀತು?

ಆದರೆ ವಸ್ತುಸ್ಥಿತಿ ಬೇರೆ. ಒಣಗಿದ ಮರವೊಂದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಆ ಇಂಗಾಲವನ್ನೆಲ್ಲ ಮರವು ಗಾಳಿಯಿಂದ ಪಡೆದಿದೆ. ಅದೂ ೧೦,೦೦೦ ಭಾಗ ಗಾಳಿಯಲ್ಲಿ ಸುಮಾರು ೪ ಭಾಗ ಮಾತ್ರ ಇರುವ ಇಂಗಾಲಾಮ್ಲ ವಾಯುವಿನಿಂದ. ಉಳಿದದ್ದರಲ್ಲಿ ಬಹುಪಾಲು ನೀರು ಮತ್ತು ಗಾಳಿಗಳಿಂದ ಬಂದದ್ದು. ನೆಲದ ಪಾಲು ಬೂದಿಯಾಗಿ ಉಳಿಯುವ ಅಲ್ಪಾಂಶ. ಎಲೆಯೊಳಗೆ ಬಿಸಿಲಿನ ಬಲದಿಂದ ನಡೆಯುವ ಈ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎಂದು ಹೆಸರು.

ಇಂದು ಶಾಲೆಯ ಬಾಲಕರು ಒಂದೇ ವಾಕ್ಯದಲ್ಲಿ ಒಪ್ಪಿಸುವ ಈ ಸಂಗತಿಯನ್ನು ಸ್ಥಾಪಿಸಲು ಮೂರು ಶತಮಾನಗಳಿಗೂ ಹೆಚ್ಚಿನ ಕಾಲ ಬೇಕಾಯಿತು. ಇಷ್ಟು ತಡವಾದುದಕ್ಕೆ ಶೋಧಕರ ಅಜಾಗ್ರತೆ ಕಾರಣವಲ್ಲ. ಅವರಲ್ಲಿ ಒಬ್ಬೊಬ್ಬನೂ ಪ್ರಾಮಾಣಿಕವಾಗಿಯೇ ತೂಗಿದನು, ಅಳೆದನು, ಲೆಕ್ಕವನ್ನು ಸರಿದೂಗಿಸಿದನು. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಬಾಬು ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಒಬ್ಬನು ಬಿಟ್ಟ ಬಾಬೇ ಮುಂದಿನವನ ಶೋಧವಾಯಿತು. ದ್ಯುತಿಸಂಶ್ಲೇಷಣೆಯ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಒಂದು ವೈಜ್ಞಾನಿಕ ಸತ್ಯವು ರೂಪುಗೊಳ್ಳುವ ಬಗೆಯೂ, ಆ ಸತ್ಯವನ್ನು ಇಂದು ಬಳಸುವಾಗ ವಹಿಸಬೇಕಾದ ಎಚ್ಚರವೂ ಗೋಚರವಾಗುತ್ತವೆ.

೨

ಈ ಪರಂಪರೆಯಲ್ಲಿ ತಕ್ಕಡಿ ಹಿಡಿದ ಮೊದಲಿಗರಲ್ಲಿ ಪ್ರಸಿದ್ಧನಾದವನು ಬ್ರಸೆಲ್ಸಿನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಇವನು ೧೬೪೪ರಲ್ಲಿ ತೀರಿಕೊಂಡನು. ಇವನ ಬರಹಗಳನ್ನು ಮಗನು ೧೬೪೮ರಲ್ಲಿ ಪ್ರಕಟಿಸಿದನು. ಅದರಲ್ಲಿ ವರ್ಣಿತವಾಗಿರುವ ಪ್ರಯೋಗವು ಸರಳತೆಯಲ್ಲಿ ಇಂದಿಗೂ ಮೆಚ್ಚತಕ್ಕದ್ದು. ಒಲೆಯಲ್ಲಿ ಒಣಗಿಸಿದ ೨೦೦ ಪೌಂಡು ಮಣ್ಣನ್ನು ಅವನು ಒಂದು ಕುಂಡದಲ್ಲಿ ತುಂಬಿ, ಅದರಲ್ಲಿ ೫ ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟನು. ಮಳೆಯ ನೀರನ್ನಾಗಲಿ ಬಟ್ಟಿಯಿಳಿಸಿದ ನೀರನ್ನಾಗಲಿ ಮಾತ್ರ ಹನಿಸಿದನು. ಹೊರಗಿನ ಧೂಳು ಸೇರದಂತೆ ಕುಂಡದ ಬಾಯಿಗೆ ರಂಧ್ರಗಳುಳ್ಳ, ತವರ ಬಳಿದ ಕಬ್ಬಿಣದ ತಗಡನ್ನು ಮುಚ್ಚಿದನು. ಐದು ವರ್ಷಗಳ ತರುವಾಯ ಮರವು ೧೬೯ ಪೌಂಡು ೩ ಔನ್ಸುಗಳಷ್ಟು ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಅದರಲ್ಲಿ ಕಡಿಮೆಯಾಗಿದ್ದುದು ಸುಮಾರು ೨ ಔನ್ಸು ಮಾತ್ರ. ಆದುದರಿಂದ ೧೬೪ ಪೌಂಡು ಮರ, ತೊಗಟೆ, ಬೇರುಗಳು ಕೇವಲ ನೀರಿನಿಂದ ಉಂಟಾದುವು ಎಂದು ಅವನು ನಿರ್ಣಯಿಸಿದನು.

ಮರವನ್ನು ಮಣ್ಣು ತಿನ್ನಿಸಿ ಬೆಳೆಸುವುದಿಲ್ಲ ಎಂಬುದನ್ನು ಈ ಪ್ರಯೋಗವು ಖಚಿತಪಡಿಸಿತು. ಅರಿಸ್ಟಾಟಲನ ಮತ ಅಲ್ಲಿಗೆ ಬಿದ್ದುಹೋಗಬೇಕಾಗಿದ್ದಿತು. ಆದರೆ ಹೆಲ್ಮಾಂಟನ ಲೆಕ್ಕದಲ್ಲಿ ಎರಡೇ ಬಾಬುಗಳಿದ್ದುವು: ಮಣ್ಣು ಮತ್ತು ನೀರು. ಮರದ ಸುತ್ತಲೂ ಐದು ವರ್ಷ ಬೀಸಿದ ಗಾಳಿ ಅದರಲ್ಲಿ ಸೇರಿರಲಿಲ್ಲ. ಇದರಲ್ಲಿ ಒಂದು ವಿಪರ್ಯಾಸವೂ ಇದೆ. ‘ಗ್ಯಾಸ್’ ಎಂಬ ಪದವನ್ನು ಲೋಕಕ್ಕೆ ಕೊಟ್ಟವನೇ ಈ ಹೆಲ್ಮಾಂಟ್. ೬೨ ಪೌಂಡು ಇದ್ದಲನ್ನು ಸುಟ್ಟರೆ ಉಳಿಯುವುದು ಒಂದು ಪೌಂಡು ಬೂದಿ, ಮಿಕ್ಕ ೬೧ ಪೌಂಡು ‘ಗ್ಯಾಸ್ ಸಿಲ್ವೆಸ್ಟ್ರೆ’ ಆಗಿ ಹೊರಟುಹೋಗುತ್ತದೆ ಎಂದು ಅವನೇ ಬರೆದಿದ್ದನು. ಇಂದು ನಾವು ಇಂಗಾಲಾಮ್ಲವೆನ್ನುವುದು ಆ ವಾಯುವನ್ನೇ. ಮರವು ಉರಿದು ಯಾವ ವಾಯುವಾಗಿ ಹೋಗುತ್ತದೆಂದು ಅವನು ಬಲ್ಲನು. ಅದೇ ವಾಯುವಿನಿಂದ ಮರವಾಗಿ ಬಂದಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ನಾಲ್ಕು ಶರತ್ಕಾಲಗಳಲ್ಲಿ ಉದುರಿದ ಎಲೆಗಳನ್ನು ತಾನು ತೂಗಲಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಮರವನ್ನು ಕಟ್ಟಿದ ಅಂಗವೇ ಲೆಕ್ಕದಿಂದ ಹೊರಗುಳಿಯಿತು. ಆ ೨ ಔನ್ಸು ಮಣ್ಣನ್ನೂ ಅವನು ಉಪೇಕ್ಷಿಸಿದನು. ಸಸ್ಯಕ್ಕೆ ಅತ್ಯವಶ್ಯವಾದ ಲವಣಗಳು ಅದರಲ್ಲಿದ್ದುವೆಂಬುದು ಬಹಳ ತಡವಾಗಿ ಗೊತ್ತಾಯಿತು.

ಸಸ್ಯವು ಎಲೆಗಳ ಮೂಲಕ ಗಾಳಿಯಿಂದಲೂ ಏನನ್ನೋ ಪಡೆಯುತ್ತಿರಬಹುದೆಂದು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ೧೭೨೭ರಲ್ಲಿ ಊಹಿಸಿದನು. ಆದರೆ ಗಾಳಿಯು ಒಂದೇ ಮೂಲವಸ್ತುವಲ್ಲ, ಹಲವು ವಾಯುಗಳ ಮಿಶ್ರಣವೆಂದು ತಿಳಿಯುವವರೆಗೆ ಈ ಊಹೆಯು ಮುಂದುವರಿಯುವಂತಿರಲಿಲ್ಲ.

೩

ಆ ತಿಳಿವಳಿಕೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಒದಗಿತು. ಇಂಗ್ಲೆಂಡಿನ ಲೀಡ್ಸ್ ನಗರದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಯು ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ೧೭೭೧ನೆಯ ಆಗಸ್ಟ್ ೧೭ರಂದು ಪುದೀನದ ಒಂದು ಚಿಗುರನ್ನು ಇರಿಸಿದನು. ಹತ್ತು ದಿನಗಳ ಮೇಲೆ ೨೭ನೆಯ ತಾರೀಖಿನಂದು ನೋಡಿದಾಗ ಅದೇ ಗಾಳಿಯಲ್ಲಿ ಇನ್ನೊಂದು ಬತ್ತಿಯು ಚೆನ್ನಾಗಿ ಉರಿಯಿತು. ದೀಪವೂ ಪ್ರಾಣಿಗಳ ಉಸಿರೂ ಕೆಡಿಸಿದ ಗಾಳಿಯನ್ನು ಸಸ್ಯವು ಸರಿಪಡಿಸುತ್ತದೆ ಎಂಬುದು ಇದರಿಂದ ತಿಳಿದುಬಂತು. ಜಗತ್ತಿನಲ್ಲಿ ಅನಾದಿಯಿಂದ ಇಷ್ಟು ಜೀವಿಗಳು ಉಸಿರಾಡುತ್ತಿದ್ದರೂ ಗಾಳಿಯೇಕೆ ಕೆಟ್ಟುಹೋಗಿಲ್ಲ ಎಂಬ ಪ್ರಶ್ನೆಗೆ ಉತ್ತರ ದೊರೆತಂತಾಯಿತು.

ಆದರೆ ಈ ಉತ್ತರ ಸ್ಥಿರವಾಗಿ ನಿಲ್ಲಲಿಲ್ಲ. ಸ್ವೀಡನ್ನಿನ ಷೀಲೆಯ ಪ್ರಯೋಗಗಳಲ್ಲಿ ಸಸ್ಯಗಳು ಗಾಳಿಯನ್ನು ಸರಿಪಡಿಸುವುದಕ್ಕೆ ಬದಲು ಕೆಡಿಸಿದುವು. ಪ್ರೀಸ್ಟ್ಲಿಗೂ ಮುಂದೆ ಒಮ್ಮೆ ಒಂದು ಫಲ, ಮತ್ತೊಮ್ಮೆ ಮತ್ತೊಂದು ಫಲ ಬರತೊಡಗಿತು. ಒಂದೇ ಗಿಡ ಏಕೆ ಇಂತಹ ಪರಸ್ಪರ ವಿರುದ್ಧವಾದ ಸಾಕ್ಷಿ ನುಡಿಯುತ್ತದೆ? ಈ ಲೆಕ್ಕದಲ್ಲಿ ಸಸ್ಯವಿತ್ತು, ಗಾಳಿಯಿತ್ತು, ಬೆಳಕು ಇರಲಿಲ್ಲ. ಜಾಡಿ ಕಿಟಕಿಯ ಬಳಿ ಇದ್ದಿತೋ ಕೋಣೆಯ ಮೂಲೆಯಲ್ಲಿದ್ದಿತೋ ಎಂಬುದು ಗಣನೆಗೆ ಬರುವ ವಿಷಯವೆಂದು ಯಾರಿಗೂ ತೋರಿರಲಿಲ್ಲ.

ಅದನ್ನು ತೋರಿಸಿಕೊಟ್ಟವನು ಹಾಲೆಂಡಿನ ಬ್ರೆಡಾ ಊರಿನಲ್ಲಿ ೧೭೩೦ರಲ್ಲಿ ಹುಟ್ಟಿದ ಯಾನ್ ಇಂಗೆನ್‌ಹೌಸ್. ಆಸ್ಟ್ರಿಯದ ರಾಣಿ ಮರಿಯಾ ಥೆರೇಸಾಳ ಕುಟುಂಬಕ್ಕೆ ೧೭೬೮ರಲ್ಲಿ ಸಿಡುಬಿನ ನಿರೋಧ ಹಾಕಿ ಹೆಸರುಗಳಿಸಿದ ವೈದ್ಯನೀತ. ೧೭೭೯ರ ಬೇಸಿಗೆಯಲ್ಲಿ ಇವನು ಲಂಡನ್ನಿನ ಹತ್ತಿರ ಒಂದು ಹಳ್ಳಿಯ ಮನೆಯನ್ನು ಹಿಡಿದು, ಕೆಲವೇ ತಿಂಗಳುಗಳಲ್ಲಿ ೫೦೦ಕ್ಕೂ ಮಿಕ್ಕ ಪ್ರಯೋಗಗಳನ್ನು ನಡೆಸಿ, ಅದೇ ವರ್ಷ ಗ್ರಂಥವನ್ನೂ ಪ್ರಕಟಿಸಿದನು. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಗುಳ್ಳೆಗಳು ಏಳುತ್ತವೆ. ಕತ್ತಲೆಯಲ್ಲಿ ಅವು ನಿಂತುಹೋಗುತ್ತವೆ. ಈ ಕೆಲಸಕ್ಕೆ ಬೇಕಾದದ್ದು ಸೂರ್ಯನ ಬೆಳಕೇ ಹೊರತು ಶಾಖವಲ್ಲ. ಸಸ್ಯದ ಹಸಿರು ಭಾಗಗಳಿಗೆ ಮಾತ್ರ ಈ ಶಕ್ತಿಯುಂಟು. ಬೇರು, ಹೂವು, ಹಣ್ಣುಗಳಿಗೆ ಇಲ್ಲ. ರಾತ್ರಿಯಲ್ಲಿ ಸಸ್ಯವೂ ಪ್ರಾಣಿಯಂತೆ ಗಾಳಿಯನ್ನು ಸ್ವಲ್ಪಮಟ್ಟಿಗೆ ಕೆಡಿಸುತ್ತದೆ. ಹೀಗೆ ಪ್ರೀಸ್ಟ್ಲಿ ಮತ್ತು ಷೀಲೆ ಇಬ್ಬರ ಸಾಕ್ಷ್ಯವೂ ಸರಿಯೆಂದಾಯಿತು. ಸಸ್ಯದಲ್ಲಿ ಎರಡು ಕ್ರಿಯೆಗಳಿವೆ. ಹಗಲಿನಲ್ಲಿ ಒಂದು ಮೇಲುಗೈಯಾಗುತ್ತದೆ, ಇರುಳಿನಲ್ಲಿ ಇನ್ನೊಂದೇ ಉಳಿಯುತ್ತದೆ.

೪

ಗಾಳಿ ಸರಿಹೋಗುವುದೆಂದರೆ ಏನು? ಜಿನೀವದ ಜಾನ್ ಸೆನೆಬಿಯೆ ೧೭೮೨ರಲ್ಲಿ ಈ ಕ್ರಿಯೆಗೆ ಇಂಗಾಲಾಮ್ಲ ವಾಯು ಅವಶ್ಯವೆಂದು ತೋರಿಸಿದನು. ಫ್ರಾನ್ಸಿನ ಲವಾಸಿಯೆ ಸ್ಥಾಪಿಸಿದ ಹೊಸ ರಸಾಯನಶಾಸ್ತ್ರವು ಈ ವಾಯುಗಳಿಗೆ ನಿಶ್ಚಿತವಾದ ಹೆಸರನ್ನೂ ತೂಕವನ್ನೂ ಕೊಟ್ಟಿತು. ಅದನ್ನು ಅನುಸರಿಸಿ ಸಸ್ಯದ ಇಂಗಾಲವು ಗಾಳಿಯ ಇಂಗಾಲಾಮ್ಲದಿಂದ ಬರುತ್ತದೆಂದು ಇಂಗೆನ್‌ಹೌಸನು ೧೭೯೬ರಲ್ಲಿ ಹೇಳಿದನು. ಜಿನೀವದವನೇ ಆದ ನಿಕೊಲಾ ತಿಯೊಡೋರ್ ದ ಸೊಸ್ಯೂರ್ ೧೮೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕವನ್ನು ತಕ್ಕಡಿಯಿಂದ ಪರೀಕ್ಷಿಸಿದನು. ಮುಚ್ಚಿದ ಗಾಜಿನ ಪಾತ್ರೆಗಳಲ್ಲಿ ಸಸ್ಯಗಳನ್ನು ಬೆಳೆಸಿ, ಒಳಹೋದ ವಾಯುವನ್ನೂ ಹೊರಬಂದ ವಾಯುವನ್ನೂ ಅಳೆದು, ಕೊನೆಗೆ ಸಸ್ಯವನ್ನು ಒಣಗಿಸಿ ತೂಗಿದಾಗ, ಇಂಗಾಲದಿಂದ ಬರಬೇಕಾದುದಕ್ಕಿಂತ ತೂಕವು ಹೆಚ್ಚಾಗಿಯೇ ಏರಿದ್ದಿತು. ಆ ಹೆಚ್ಚಳಕ್ಕೆ ನೀರಲ್ಲದೆ ಬೇರೆ ಮೂಲವಿರಲಿಲ್ಲ. ನೀರು ಬರಿಯ ವಾಹಕವಲ್ಲ, ಸಸ್ಯದ ಒಡಲಾಗಿ ಪರಿಣಮಿಸುವ ದ್ರವ್ಯ ಎಂದು ಹೀಗೆ ಸಿದ್ಧವಾಯಿತು. ಹೆಲ್ಮಾಂಟನ ಮಾತು ಅರ್ಧಾಂಶದಲ್ಲಿ ನಿಜವಾಗಿ ಹಿಂತಿರುಗಿ ಬಂತು.

ದ್ರವ್ಯಗಳ ಲೆಕ್ಕ ಸರಿದೂಗಿತು. ಆದರೆ ಬೆಳಕು? ತೂಕವಿಲ್ಲದ ವಸ್ತುವನ್ನು ತಕ್ಕಡಿಯ ಯಾವ ತಟ್ಟೆಯಲ್ಲಿ ಇಡಬೇಕು? ಜರ್ಮನಿಯ ವೈದ್ಯ ಯೂಲಿಯುಸ್ ರಾಬರ್ಟ್ ಮೇಯರ್ ೧೮೪೫ರಲ್ಲಿ ಇದಕ್ಕೆ ಉತ್ತರಕೊಟ್ಟನು. ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ. ಸಸ್ಯವು ಸೂರ್ಯನ ಬೆಳಕಿನ ಶಕ್ತಿಯನ್ನು ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಿ ಕೂಡಿಡುತ್ತದೆ ಎಂದು ಅವನು ಪ್ರತಿಪಾದಿಸಿದನು. ಒಲೆಯ ಸೌದೆಯಲ್ಲಿ ಉರಿಯುವುದೂ ಎತ್ತಿನ ಹೆಗಲಿನಲ್ಲಿ ದುಡಿಯುವುದೂ ಬಿಸಿಲೇ ಎಂದಾಯಿತು. ಯೂಲಿಯುಸ್ ಸಾಕ್ಸನು ೧೮೬೦ರ ದಶಕದಲ್ಲಿ ಬಿಸಿಲು ತಗಲಿದ ಎಲೆಯ ಹಸಿರು ಕಣಗಳಲ್ಲಿ ಪಿಷ್ಟವು ತುಂಬಿಕೊಳ್ಳುವುದನ್ನು ಅಯೋಡಿನ್ ಬಣ್ಣದಿಂದ ಕಣ್ಣಿಗೆ ಕಾಣಿಸಿದನು. ಬೆಳಕಿನ ಕೆಂಪು ಮತ್ತು ನೀಲಿ ಕಿರಣಗಳಲ್ಲಿ ಕೆಲಸವು ಹೆಚ್ಚಾಗಿ ನಡೆಯುತ್ತದೆಂದು ಎಂಗೆಲ್ಮನ್ ೧೮೮೨ರಲ್ಲಿ ತೋರಿಸಿದನು. ಪತ್ರಹರಿತ್ತು ಹಿಡಿದುಕೊಳ್ಳುವುದು ಮುಖ್ಯವಾಗಿ ಈ ಕಿರಣಗಳನ್ನೇ. ಹಸಿರನ್ನು ಅದು ಅಷ್ಟಾಗಿ ಹಿಡಿಯುವುದಿಲ್ಲ. ಎಲೆ ನಮಗೆ ಹಸಿರಾಗಿ ಕಾಣುವುದು ಆ ಕಾರಣದಿಂದಲೇ.

೫

ಏನು ಒಳಗೆ ಹೋಗುತ್ತದೆ, ಏನು ಹೊರಗೆ ಬರುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಅಂತ್ಯದ ಹೊತ್ತಿಗೆ ಇತ್ಯರ್ಥವಾಗಿದ್ದಿತು. ಉಳಿದ ಪ್ರಶ್ನೆ ವೇಗದ್ದು. ಒಂದು ಎಲೆ ಒಂದು ಗಂಟೆಯಲ್ಲಿ ಎಷ್ಟು ಇಂಗಾಲಾಮ್ಲವನ್ನು ಕಟ್ಟಿಕೊಳ್ಳುತ್ತದೆ? ಅದು ಯಾವುದರ ಮೇಲೆ ನಿಂತಿದೆ? ಈ ವಿಷಯದಲ್ಲಿ ಆ ಕಾಲದ ಬರಹಗಳು ಪರಸ್ಪರ ವಿರುದ್ಧವಾಗಿದ್ದುವು. ಬೆಳಕು ಹೆಚ್ಚಿದಂತೆ ವೇಗ ಹೆಚ್ಚುತ್ತದೆಂದು ಕೆಲವರು, ಇಲ್ಲವೆಂದು ಕೆಲವರು. ಶಾಖದ ವಿಷಯದಲ್ಲಿಯೂ ಹಾಗೆಯೇ. ಬಿಸಿಲಿನಲ್ಲಿ ಹೆಚ್ಚಿನ ಇಂಗಾಲಾಮ್ಲದಿಂದ ಲಾಭ ಪಡೆದ ಸಸ್ಯಗಳು ನೆರಳಿನಲ್ಲಿ ಅದರಿಂದ ಹಾನಿಗೊಳಗಾದುದನ್ನು ಸೊಸ್ಯೂರನು ಕಂಡಿದ್ದನು. ಆದರೆ ಅದರ ಮರ್ಮ ತಿಳಿದಿರಲಿಲ್ಲ.

ಆ ಮರ್ಮವನ್ನು ಬಿಡಿಸಿದ್ದು ಕೇಂಬ್ರಿಜ್. ಅಲ್ಲಿ ಎಫ್. ಎಫ್. ಬ್ಲ್ಯಾಕ್‌ಮನ್ನನೊಡನೆ ಕೆಲಸಮಾಡುತ್ತಿದ್ದ ಗೇಬ್ರಿಯೆಲ್ ಮ್ಯಾಥೈ ಎಂಬ ವಿದುಷಿಯು ಶಾಖದ ಪರಿಣಾಮವನ್ನು ಅತ್ಯಂತ ಎಚ್ಚರದಿಂದ ಅಳೆದು ೧೯೦೪ರಲ್ಲಿ ಪ್ರಕಟಿಸಿದರು. ಮರುವರ್ಷ ಅವರು ಆಲ್ಬರ್ಟ್ ಹೊವಾರ್ಡ್‌ರನ್ನು ವಿವಾಹವಾಗಿ ಭಾರತಕ್ಕೆ ಬಂದು, ಬಿಹಾರದ ಪೂಸಾದಲ್ಲಿಯೂ ಅನಂತರ ಇಂದೂರಿನಲ್ಲಿಯೂ ಕೃಷಿ ಸಂಶೋಧನೆಯಲ್ಲಿ ತೊಡಗಿ, ೧೯೩೦ರಲ್ಲಿ ತೀರಿಕೊಂಡರು. ಗೋಧಿಯ ತಳಿಗಳ ಮೇಲಿನ ಅವರ ದುಡಿಮೆಯನ್ನು ಈ ದೇಶದ ಕೃಷಿಯ ಇತಿಹಾಸ ಬಲ್ಲುದು. ದ್ಯುತಿಸಂಶ್ಲೇಷಣೆಯ ಶೋಧದಲ್ಲಿ ಅವರಿಗಿರುವ ಪಾಲನ್ನು ನೆನೆಯುವವರು ಕಡಿಮೆ.

ಅವರ ಅಳತೆಗಳ ಆಧಾರದ ಮೇಲೆ ಬ್ಲ್ಯಾಕ್‌ಮನ್ನನು ೧೯೦೫ರಲ್ಲಿ ಒಂದು ಸಾಮಾನ್ಯ ನಿಯಮವನ್ನು ನಿರೂಪಿಸಿದನು. ಒಂದು ಕ್ರಿಯೆಯ ವೇಗವು ಹಲವು ಅಂಶಗಳನ್ನು ಅವಲಂಬಿಸಿದ್ದರೆ, ಅವುಗಳಲ್ಲಿ ಅತಿ ಮಂದವಾದುದೇ ಇಡೀ ಕ್ರಿಯೆಯ ವೇಗಕ್ಕೆ ಮಿತಿಯಾಗುತ್ತದೆ ಎಂಬುದು ಅದರ ತಾತ್ಪರ್ಯ. ಕಚೇರಿಯೊಂದರಲ್ಲಿ ಪ್ರತಿಯೊಂದು ಕಾಗದವೂ ನಾಲ್ವರು ಗುಮಾಸ್ತರ ಮೇಜುಗಳನ್ನು ದಾಟಿ ಹೊರಬೀಳಬೇಕಾಗಿದ್ದರೆ, ದಿನದ ಕೆಲಸವನ್ನು ನಿರ್ಧರಿಸುವವನು ನಾಲ್ವರಲ್ಲಿ ಅತಿ ನಿಧಾನಿ. ಉಳಿದ ಮೂವರ ಚುರುಕನ್ನು ಇಮ್ಮಡಿಗೊಳಿಸಿದರೆ ಅವನ ಮೇಜಿನ ಮೇಲೆ ರಾಶಿ ಬೆಳೆಯುತ್ತದೆಯೇ ಹೊರತು ಕಾಗದ ಬೇಗನೆ ಹೊರಬೀಳುವುದಿಲ್ಲ. ಮಣ್ಣಿನ ಸತ್ತ್ವಗಳ ವಿಷಯದಲ್ಲಿ ಇಂತಹ ನಿಯಮವನ್ನು ಹಿಂದಿನ ಶತಮಾನದಲ್ಲಿ ಷ್ಪ್ರೆಂಗೆಲ್ ಹೇಳಿದ್ದನು, ಲೀಬಿಗ್ ಪ್ರಚಾರಕ್ಕೆ ತಂದಿದ್ದನು. ಬ್ಲ್ಯಾಕ್‌ಮನ್ನನು ಅದನ್ನು ಎಲೆಯ ಕ್ಷಣಕ್ಷಣದ ಕೆಲಸಕ್ಕೆ ಅನ್ವಯಿಸಿದನು.

ಎಲೆಯ ಒಂದು ದಿನವನ್ನು ಈ ನಿಯಮದ ಬೆಳಕಿನಲ್ಲಿ ನೋಡಬಹುದು. ಮುಂಜಾನೆ ಕೊರತೆಯಿರುವುದು ಬೆಳಕಿಗೆ. ಆಗ ಬೆಳಕು ಏರಿದಷ್ಟೂ ವೇಗ ಏರುತ್ತದೆ. ಇಂಗಾಲಾಮ್ಲವನ್ನು ಹೆಚ್ಚಿಸಿ ಪ್ರಯೋಜನ ಕಡಿಮೆ. ಹೊತ್ತೇರಿದ ಮೇಲೆ ಬತ್ತದಂತಹ ಬೆಳೆಯ ಮೇಲಿನ ಎಲೆಗೆ ಬೆಳಕು ಮಿಕ್ಕುತ್ತದೆ. ಇಂಗಾಲಾಮ್ಲದ ಪೂರೈಕೆ ಸಾಲದಾಗುತ್ತದೆ. ನಡುಹಗಲಿನ ಝಳದಲ್ಲಿ ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಆವಿಯಾಗತೊಡಗಿದರೆ ಎಲೆಯು ತನ್ನ ಪತ್ರರಂಧ್ರಗಳನ್ನು ಕಿರಿದುಗೊಳಿಸುತ್ತದೆ. ನೀರು ಉಳಿಯುತ್ತದೆ, ಆದರೆ ಇಂಗಾಲಾಮ್ಲ ಒಳಬರುವ ಬಾಗಿಲೂ ಅದೇ ಆದ್ದರಿಂದ ಸುತ್ತಲೂ ಬಿಸಿಲು ಸುರಿಯುತ್ತಿದ್ದರೂ ಒಳಗೆ ಕೆಲಸ ಕುಂಠಿತವಾಗುತ್ತದೆ. ಮಂದವಾದ ಬೆಳಕಿನಲ್ಲಿ ಶಾಖವನ್ನು ಏರಿಸಿದರೆ ಹೆಚ್ಚೇನೂ ಆಗುವುದಿಲ್ಲ. ಬೆಳಕೂ ಇಂಗಾಲಾಮ್ಲವೂ ಸಮೃದ್ಧವಾಗಿದ್ದಾಗ ಹತ್ತು ಡಿಗ್ರಿ ಸೆಂಟಿಗ್ರೇಡಿನ ಏರಿಕೆಯಿಂದ ವೇಗವು ಸುಮಾರಾಗಿ ಇಮ್ಮಡಿಯಾಗುತ್ತದೆ. ಆದರೆ ಒಂದು ಮಿತಿಯನ್ನು ದಾಟಿದರೆ ಅದೇ ಶಾಖದಿಂದ ಯಂತ್ರವೇ ಕೆಡುತ್ತದೆ. ಇವುಗಳ ಜೊತೆಗೆ ಪತ್ರಹರಿತ್ತಿಗೆ ಬೇಕಾದ ಸಾರಜನಕ, ಮೆಗ್ನೀಸಿಯಂಗಳ ಕೊರತೆಯೂ ಮಿತಿಯಾಗಬಹುದು. ಹೆಲ್ಮಾಂಟನು ಉಪೇಕ್ಷಿಸಿದ ೨ ಔನ್ಸು ಇಲ್ಲಿ ತನ್ನ ಬೆಲೆಯನ್ನು ಕೇಳುತ್ತದೆ.

ಬ್ಲ್ಯಾಕ್‌ಮನ್ನನ ನಿಯಮವು ಮುಂದೆ ಸ್ವಲ್ಪ ತಿದ್ದುಪಾಟನ್ನು ಹೊಂದಿತು. ಒಂದು ಅಂಶದ ಆಳ್ವಿಕೆ ಮುಗಿದು ಇನ್ನೊಂದರದು ಆರಂಭವಾಗುವ ಎಡೆಯಲ್ಲಿ ಎರಡೂ ಕೂಡಿ ಕೆಲಸಮಾಡುತ್ತವೆಂದೂ, ಒಂದು ಗಿಡದಲ್ಲಿಯೇ ಮೇಲಿನ ಎಲೆಗೆ ಬೆಳಕು ಹೆಚ್ಚಾದಾಗ ಕೆಳಗಿನ ಎಲೆ ಬೆಳಕಿಗಾಗಿ ಹಸಿದಿರಬಹುದೆಂದೂ ತಿಳಿದುಬಂತು. ಆದರೆ ಮೂಲತತ್ತ್ವ ನಿಂತಿತು. ಅದಕ್ಕಿಂತ ಮುಖ್ಯವಾಗಿ, ಶಾಖಕ್ಕೆ ಸ್ಪಂದಿಸದ ಒಂದು ಹಂತ, ಸ್ಪಂದಿಸುವ ಇನ್ನೊಂದು ಹಂತ, ಹೀಗೆ ಎಲೆಯ ಕೆಲಸದಲ್ಲಿ ಎರಡು ಹಂತಗಳಿರಬೇಕೆಂಬ ಸೂಚನೆ ಈ ಅಳತೆಗಳಿಂದಲೇ ಹೊರಟಿತು.

೬

ಆ ಎರಡು ಹಂತಗಳ ಒಳಗುಟ್ಟು ಇಪ್ಪತ್ತನೆಯ ಶತಮಾನದ ಸಾಧನೆ. ಹೊರಬರುವ ಆಮ್ಲಜನಕವು ಇಂಗಾಲಾಮ್ಲ ಒಡೆದುದರ ಫಲವೆಂದು ಬಹುಕಾಲದಿಂದ ನಂಬಲಾಗಿದ್ದಿತು. ನೀರಿಗೆ ಬದಲಾಗಿ ಗಂಧಕಯುಕ್ತ ಜಲಜನಕವನ್ನು ಬಳಸಿ, ಆಮ್ಲಜನಕಕ್ಕೆ ಬದಲಾಗಿ ಗಂಧಕವನ್ನು ಉಳಿಸುವ ಕೆಲವು ಬ್ಯಾಕ್ಟೀರಿಯಗಳನ್ನು ಅಭ್ಯಾಸಮಾಡಿದ ವಾನ್ ನೀಲ್, ಹಸಿರು ಸಸ್ಯಗಳಲ್ಲಿ ಒಡೆಯುವುದು ನೀರೇ ಇರಬೇಕೆಂದು ೧೯೩೦ರ ದಶಕದಲ್ಲಿ ತರ್ಕಿಸಿದನು. ಇಂಗ್ಲೆಂಡಿನ ರಾಬಿನ್ ಹಿಲ್ ೧೯೩೭ರಲ್ಲಿ ಎಲೆಯಿಂದ ಬೇರ್ಪಡಿಸಿದ ಹಸಿರು ಕಣಗಳಿಂದಲೇ ಬೆಳಕಿನಲ್ಲಿ ಆಮ್ಲಜನಕವನ್ನು ಹೊರಡಿಸಿದನು. ೧೯೪೧ರಲ್ಲಿ ರೂಬೆನ್, ಕೇಮನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕವನ್ನು ಗುರುತಾಗಿ ಬಳಸಿ ಆಮ್ಲಜನಕದ ಮೂಲ ನೀರೆಂಬುದಕ್ಕೆ ನೇರವಾದ ಆಧಾರವನ್ನು ಒದಗಿಸಿದರು. ಮೊದಲ ಹಂತದಲ್ಲಿ ಬೆಳಕು ನೀರನ್ನು ಒಡೆದು ಶಕ್ತಿಯನ್ನು ಕೂಡಿಡುತ್ತದೆ; ಎರಡನೆಯದರಲ್ಲಿ ಆ ಶಕ್ತಿಯಿಂದ ಇಂಗಾಲಾಮ್ಲವು ಶರ್ಕರವಾಗುತ್ತದೆ. ಈ ಎರಡನೆಯ ಹಂತದ ದಾರಿಯನ್ನು ವಿಕಿರಣಶೀಲ ಇಂಗಾಲದ ನೆರವಿನಿಂದ ಕ್ಯಾಲಿಫೋರ್ನಿಯದಲ್ಲಿ ಕ್ಯಾಲ್ವಿನ್, ಬೆನ್ಸನ್, ಬ್ಯಾಷಮ್ ಇವರು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಿದರು. ೧೯೬೧ರ ನೊಬೆಲ್ ಪಾರಿತೋಷಕ ಕ್ಯಾಲ್ವಿನ್ನನೊಬ್ಬನಿಗೇ ಸಂದಿತು.

ಲೆಕ್ಕ ಮುಗಿಯಿತೆಂದು ತೋರಿದಾಗಲೇ ಮತ್ತೊಂದು ಬಿಟ್ಟುಹೋದ ಬಾಬು ಕಾಣಿಸಿಕೊಂಡಿತು. ಇದರ ಒಂದು ಮುನ್ಸೂಚನೆ ಭಾರತದಲ್ಲಿಯೇ ದೊರೆತಿದ್ದಿತು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಹೈಡ್ರಿಲ್ಲ ಎಂಬ ನೀರುಗಿಡದಿಂದ ಏಳುವ ಗುಳ್ಳೆಗಳನ್ನು ತಾನಾಗಿ ದಾಖಲಿಸುವ ಯಂತ್ರವನ್ನು ರಚಿಸಿ, ದ್ಯುತಿಸಂಶ್ಲೇಷಣೆಯ ವೇಗವನ್ನು ಕುರಿತು ೧೯೨೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬೇಸಿಗೆಯ ಹೈಡ್ರಿಲ್ಲದಲ್ಲಿ ಮಾಲಿಕ್ ಆಮ್ಲವು ಇಂಗಾಲಾಮ್ಲದ ಸ್ಥಾನದಲ್ಲಿ ಒದಗುತ್ತದೆಂದು ಅವರು ಅದರಲ್ಲಿ ಸೂಚಿಸಿದ್ದರು. ನಾಲ್ಕು ದಶಕಗಳ ಮೇಲೆ, ೧೯೬೫ರಲ್ಲಿ, ಹವಾಯಿ ದ್ವೀಪದ ಕಬ್ಬಿನ ಸಂಶೋಧಕರಾದ ಕೋರ್ಟ್‌ಷಾಕ್, ಹಾರ್ಟ್, ಬರ್ ಇವರು ಕಬ್ಬಿನ ಎಲೆಯಲ್ಲಿ ಇಂಗಾಲವು ಮೊದಲು ಸೇರುವುದು ಕ್ಯಾಲ್ವಿನ್ ಹೇಳಿದ ಮೂರು ಇಂಗಾಲದ ಆಮ್ಲಕ್ಕಲ್ಲ, ಮಾಲಿಕ್ ಮೊದಲಾದ ನಾಲ್ಕು ಇಂಗಾಲದ ಆಮ್ಲಗಳಿಗೆ ಎಂದು ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು ವಿವರಿಸಿದರು.

ಇದರ ಅರ್ಥ ಹೀಗೆ. ಇಂಗಾಲಾಮ್ಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವವು ಬಹಳ ನಿಧಾನಿ. ಒಂದು ಸೆಕೆಂಡಿಗೆ ಕೆಲವೇ ಅಣುಗಳನ್ನು ಕಟ್ಟುತ್ತದೆ. ಅಷ್ಟೇ ಅಲ್ಲದೆ, ಸೆಕೆ ಹೆಚ್ಚಿದಂತೆ ಇಂಗಾಲಾಮ್ಲಕ್ಕೆ ಬದಲು ಆಮ್ಲಜನಕವನ್ನು ಹಿಡಿದು ಮಾಡಿದ ಕೆಲಸವನ್ನು ತಾನೇ ಅಷ್ಟಿಷ್ಟು ಹಾಳುಮಾಡುತ್ತದೆ. ಬತ್ತ, ಗೋಧಿಗಳು ಈ ನಷ್ಟವನ್ನು ಹೊತ್ತುಕೊಂಡೇ ಬದುಕುತ್ತವೆ. ಕಬ್ಬು, ಜೋಳ, ಸಜ್ಜೆ, ನವಣೆ, ರಾಗಿ ಇವು ಸ್ವಲ್ಪ ಶಕ್ತಿಯನ್ನು ಹೆಚ್ಚಾಗಿ ವ್ಯಯಿಸಿ, ಇಂಗಾಲಾಮ್ಲವನ್ನು ಎಲೆಯ ನಾಳಗಳ ಸುತ್ತಣ ಕೋಶಗಳಲ್ಲಿ ಒತ್ತಿ ತುಂಬಿ, ಆ ಕಿಣ್ವವು ತಪ್ಪುಮಾಡದಂತೆ ನೋಡಿಕೊಳ್ಳುತ್ತವೆ. ಆದುದರಿಂದ ಪತ್ರರಂಧ್ರಗಳನ್ನು ಕಿರಿದಾಗಿಟ್ಟುಕೊಂಡೇ, ಅಂದರೆ ಕಡಿಮೆ ನೀರಿನಲ್ಲಿಯೇ, ಉರಿಬಿಸಿಲನ್ನು ಪೂರ್ತಿಯಾಗಿ ಬಳಸಬಲ್ಲವು. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ನೆಲ್ಲಿನ ಎದುರು ರಾಗಿಗೆ ಗೆಲವನ್ನು ಕೊಟ್ಟದ್ದು ಅದರ ಬಾಳಿಕೆಯ ಗುಣಕ್ಕಾಗಿ. ಬಯಲುಸೀಮೆಯ ಹೊಲದಲ್ಲಿ, ಎಲೆಯ ಒಳಗಣ ಲೆಕ್ಕದಲ್ಲಿಯೂ, ಅದಕ್ಕೆ ಗೆಲವುಂಟು ಎಂಬುದನ್ನು ಈ ಶೋಧವು ತೋರಿಸಿತು.

೭

ಈ ಇತಿಹಾಸವು ಇಂದಿನ ಒಂದು ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲಾಮ್ಲವು ಸುಮಾರು ೨೮೦ ಭಾಗವಿದ್ದಿತು. ಚಾರ್ಲ್ಸ್ ಕೀಲಿಂಗ್ ೧೯೫೮ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ ಅದು ಸುಮಾರು ೩೧೫ ಆಗಿದ್ದಿತು. ಈಗ ೪೨೦ನ್ನು ದಾಟಿದೆ. ಇಂಗಾಲಾಮ್ಲವೇ ಸಸ್ಯದ ಆಹಾರವಾದುದರಿಂದ ಇದರಿಂದ ಬೆಳೆಗಳಿಗೆ ಲಾಭವೇ ಆಯಿತಲ್ಲವೇ ಎಂದು ಕೇಳುವವರುಂಟು. ಈ ಪ್ರಶ್ನೆಯು ಹೆಲ್ಮಾಂಟನ ಲೆಕ್ಕದಂತೆ ಒಂದು ಬಾಬನ್ನು ಮಾತ್ರ ಬರೆದುಕೊಂಡಿದೆ. ಇಂಗಾಲಾಮ್ಲವೇ ಮಿತಿಯಾಗಿದ್ದ ಕಡೆ ಅದರ ಹೆಚ್ಚಳದಿಂದ ವೇಗ ಹೆಚ್ಚುವುದು ನಿಜ. ಬತ್ತ ಗೋಧಿಗಳ ವಿಷಯದಲ್ಲಿ ಬಯಲು ಹೊಲಗಳಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಸ್ವಲ್ಪಮಟ್ಟಿಗೆ ಸಮರ್ಥಿಸಿವೆ. ಆದರೆ ಅವೇ ಪ್ರಯೋಗಗಳಲ್ಲಿ ಕಾಳಿನ ಸತು, ಕಬ್ಬಿಣ, ಸಸಾರಜನಕಗಳ ಅಂಶ ಕಡಿಮೆಯಾದುದೂ ಕಂಡುಬಂದು ೨೦೧೪ರಲ್ಲಿ ಪ್ರಕಟವಾಯಿತು. ಜೋಳ, ಕಬ್ಬು, ರಾಗಿಗಳಂತಹ ಬೆಳೆಗಳು ಇಂಗಾಲಾಮ್ಲವನ್ನು ಆಗಲೇ ಒತ್ತಿ ತುಂಬಿಕೊಳ್ಳುವುದರಿಂದ, ನೀರಿನ ಕೊರತೆಯ ಕಾಲವನ್ನು ಬಿಟ್ಟರೆ, ಅವಕ್ಕೆ ದೊರೆಯುವ ಲಾಭ ಅತ್ಯಲ್ಪ. ಅದೇ ಇಂಗಾಲಾಮ್ಲವು ಭೂಮಿಯ ಶಾಖವನ್ನು ಏರಿಸುತ್ತಿದೆ; ಮಳೆಯ ಕ್ರಮವನ್ನು ಕೆಡಿಸುತ್ತಿದೆ. ಒಂದು ಮೇಜಿನ ಕೆಲಸವನ್ನು ಚುರುಕುಗೊಳಿಸುವ ಕಾರಣವೇ ಇನ್ನೊಂದು ಮೇಜಿನಲ್ಲಿ ತಡೆಯನ್ನು ಉಂಟುಮಾಡಿದರೆ ಒಟ್ಟು ಫಲವನ್ನು ಮೊದಲನೆಯ ಮೇಜನ್ನು ಮಾತ್ರ ನೋಡಿ ನಿರ್ಣಯಿಸಲಾಗದು.

ಹೊಲದ ಬೆಳೆಗಳು ಸಾಧಾರಣವಾಗಿ ತಮ್ಮ ಮೇಲೆ ಬಿದ್ದ ಸೂರ್ಯಶಕ್ತಿಯಲ್ಲಿ ಕೂಡಿಡುವುದು ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚಿಲ್ಲ. ಆ ಒಂದೆರಡು ಪಾಲಿನ ಮೇಲೆ ಮನುಷ್ಯನ ಅನ್ನವೆಲ್ಲ ನಿಂತಿದೆ. ಅದನ್ನು ಹೆಚ್ಚಿಸುವ ಪ್ರಯತ್ನಗಳು, ಬತ್ತಕ್ಕೆ ಜೋಳದ ದಾರಿಯನ್ನು ಕಲಿಸುವ ಯತ್ನವೂ ಸೇರಿ, ಇಂದು ಅನೇಕ ದೇಶಗಳಲ್ಲಿ ನಡೆದಿವೆ. ಅವು ಫಲಿಸಬೇಕಾದರೆ ಮೂರು ಶತಮಾನಗಳ ಈ ಪಾಠವನ್ನು ಮರೆಯಬಾರದು. ಯಾವುದು ಹೇರಳವಾಗಿದೆ ಎಂಬುದರಿಂದ ಎಲೆಯ ಫಲ ನಿರ್ಧಾರವಾಗುವುದಿಲ್ಲ. ಆ ಸ್ಥಳದಲ್ಲಿ, ಆ ಹೊತ್ತಿನಲ್ಲಿ ಯಾವುದು ಕೊರತೆಯಾಗಿದೆಯೋ ಅದರಿಂದ ನಿರ್ಧಾರವಾಗುತ್ತದೆ. ಆ ಕೊರತೆಯನ್ನು ಗುರುತಿಸಬೇಕಾದರೆ ಎಲ್ಲ ಬಾಬುಗಳನ್ನೂ ಅಳೆದು ಬರೆಯಬೇಕು, ಉದುರಿದ ಎಲೆಗಳನ್ನು ಸಹ.